ಬ್ರಹ್ಮಗಿರಿಯ ಬಂಡೆ ಮತ್ತು ಗಣಿತದ ಪಾಠ

ಪದವಿ ತರಗತಿಯ ಕಲಾ ವಿದ್ಯಾರ್ಥಿಗಳಲ್ಲಿ ಅನೇಕರು ಗಣಿತ ತಮಗಲ್ಲವೆಂದು ದೂರ ಸರಿಯುತ್ತಾರೆ. ಅವರನ್ನು ಮರಳಿ ಕರೆಯಲು ತಕ್ಕ ಪರಿಕರಗಳಿಲ್ಲವೆಂಬ ಕೊರಗು ಅಧ್ಯಾಪಕರದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಆ ಕೊರಗಿಗೆ ಎಡೆಯಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅದರಲ್ಲಿ 256 ಎಂಬ ಸಂಖ್ಯೆಯಿದೆ. ಆದರೆ ಬರೆದ ಬಗೆ ನಮ್ಮದಲ್ಲ: 200ಕ್ಕೆ ಒಂದು ಚಿಹ್ನೆ, 50ಕ್ಕೆ ಇನ್ನೊಂದು, 6ಕ್ಕೆ ಮತ್ತೊಂದು. ಆ ಕ್ರಮದಲ್ಲಿ 206 ಬರೆಯಲು ನಡುವಿನ ಚಿಹ್ನೆಯನ್ನು ಬಿಟ್ಟರಾಯಿತು. ನಮ್ಮ ಕ್ರಮದಲ್ಲಿ ಹಾಗೆ ಬಿಟ್ಟರೆ ಅದು 26 ಆಗಿಬಿಡುತ್ತದೆ. ಸೊನ್ನೆ ಏಕೆ ಬೇಕಾಯಿತೆಂಬುದು ಇತಿಹಾಸದ ವಿದ್ಯಾರ್ಥಿಗೆ ಇಲ್ಲಿಯೇ ಹೊಳೆಯುತ್ತದೆ. 256 ಎರಡರ ಎಂಟನೆಯ ಘಾತವೂ ಹೌದು. ಅಲ್ಲಿಂದ ಗಣಕಯಂತ್ರದ ದ್ವಿಮಾನ ಪದ್ಧತಿಗೆ ಒಂದೇ ಹೆಜ್ಜೆ. ಇಷ್ಟಕ್ಕೆಲ್ಲ ಒಂದು ಸೀಮೆಸುಣ್ಣ ಸಾಕು.

ಕಲಿಯುವವನ ಬಳಿಗೆ ಗಣಿತವನ್ನು ಒಯ್ಯುವ ಕ್ರಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಗಣಿತವನ್ನು ಜ್ಯೋತಿಷದಿಂದ ಬಿಡಿಸಿ ಸ್ವತಂತ್ರವಾಗಿ ನಿರೂಪಿಸಿದನು; ಭಾಷೆ ಸಂಸ್ಕೃತವಾಗಿತ್ತು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಸಂಸ್ಕೃತವರಿಯದವನಿಗೂ ಶಾಸ್ತ್ರದ ಬಾಗಿಲು ತೆರೆಯಿತು.

ಈಗ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಅಧ್ಯಾಪಕರಿಗೆ ಗಣಿತ ಹಾಗೂ ವಿಜ್ಞಾನಗಳ ತರಬೇತಿ ನೀಡುತ್ತ ಬಂದಿದೆ. ನನ್ನ ಶಿಷ್ಯರಲ್ಲಿ ಅಧ್ಯಾಪಕರಾಗಿರುವವರು ಅಲ್ಲಿಗೆ ಹೋದಾಗ ಬ್ರಹ್ಮಗಿರಿಯನ್ನೂ ನೋಡಿ ಬನ್ನಿ. ಮರುದಿನದ ಪಾಠವನ್ನು ಆ ಬಂಡೆಯಿಂದಲೇ ಆರಂಭಿಸಿ.