ಹದಿನೈದು ಪೈಸೆ ಕಾರ್ಡು, ಕಾಕಾನ ವಿಳಾಸ

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತಾದಾಗ ಓದ್ರಿ.

ಹೋದ ವಾರ ನೇಸರಗಿಯ ನಮ್ಮ ಹಳೇ ಮನಿ ಸೋರಾಕತ್ತೈತಿ ಅಂತ ಸಾಮಾನು ತೆಗಿಯೂವಾಗ ಕಾಕಾನ ಟ್ರಂಕು ಸಿಕ್ತು. ಒಳಗ ಬಾಬಾಸಾಹೇಬರ ಫೋಟೊ, ನಾಕೈದು ಕರಪತ್ರ, ಒಂದು ಅರ್ಜಿಯ ಕರಡು, ಮತ್ತ ಮಡಚಿದಲ್ಲೇ ಹರಿಯಾಕ ಬಂದ ಸಿನಿಮಾ ಪತ್ರಿಕೆಯ ಒಂದು ಹಾಳಿ. ಯಾವ ಪತ್ರಿಕೆಯೋ, ಮ್ಯಾಲಿನ ಅಂಚು ಹರಿದು ಹೋಗೇತಿ. ಓದುಗರ ಪ್ರಶ್ನೆಗಳ ಪುಟ ಅದು. ಮೂರನೇ ಪ್ರಶ್ನೆಯ ಕೆಳಗ ಕಾಕಾನ ಹೆಸರು, ಮುಂದ 'ನೇಸರಗಿ'. ಅಷ್ಟೇ. ಕೇರಿಯ ಹೆಸರಿಲ್ಲ.

ಸಿನಿಮಾ ಪತ್ರಿಕೆ ಅಂದ್ರ ನಮ್ಮ ಚಳವಳಿಯವರು ಮೂಗು ಮುರೀತೀವಿ. ನಾನೂ ಮುರದೀನಿ. ಆದರೆ ನಮ್ಮ ಮಂದಿ ಅಕ್ಷರವನ್ನು ಎಲ್ಲೆಲ್ಲಿ ಬಳಸಿದರು ಅಂತ ಹುಡುಕುವವರು ಈ ಪುಟಗಳನ್ನು ಬಿಟ್ಟರೆ ಆಗೂದಿಲ್ಲ.

ಓದುಗನನ್ನು ಮಾತಾಡಿಸುವ ಈ ಪದ್ಧತಿ ಹಳೇದು. ಮುಂಬಯಿಯಲ್ಲಿ 1935ರಲ್ಲಿ ಬಾಬುರಾವ್ ಪಟೇಲ್ 'ಫಿಲ್ಮ್ ಇಂಡಿಯಾ' ಶುರು ಮಾಡಿದರು. ಓದುಗರ ಪ್ರಶ್ನೆಗೆ ಅವರು ಕೊಡುತ್ತಿದ್ದ ಚುರುಕು ಉತ್ತರಕ್ಕಾಗಿಯೇ ಅದನ್ನು ಕೊಳ್ಳುವವರಿದ್ದರು. 1952ರಲ್ಲಿ ಬಂದ 'ಫಿಲ್ಮ್ ಫೇರ್' ಇನ್ನೂ ಮುಂದೆ ಹೋಯಿತು. 1954ರಲ್ಲಿ ಕೊಟ್ಟ ಅದರ ಮೊದಲ ಪ್ರಶಸ್ತಿಗಳನ್ನು ಆರಿಸಿದ್ದು ಓದುಗರ ಮತ. ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಮುಗಿದು ಎರಡು ವರ್ಷ ಆಗಿತ್ತು ಆಗ! ಕನ್ನಡದಲ್ಲಿ ಮದ್ರಾಸಿನಿಂದ 'ವಿಜಯಚಿತ್ರ', ಮಣಿಪಾಲದಿಂದ 'ರೂಪತಾರಾ' ಬಂದವು. ನಮ್ಮ ಗಡಿಸೀಮೆಯಲ್ಲಿ ಮರಾಠಿ 'ರಸರಂಗ'ವೂ ಕೈಯಿಂದ ಕೈಗೆ ಹೋಗತಿತ್ತು.

ಕೊಂಡು ಓದಿದವರು ನಾವಲ್ಲ. ಆಗ ಹಳ್ಳಿಗಳಲ್ಲಿ ಸಿನಿಮಾ ಪತ್ರಿಕೆ ಬಿದ್ದಿರತಿದ್ದದ್ದು ಕಟಿಂಗ್ ಅಂಗಡಿಯ ಬೆಂಚಿನ ಮ್ಯಾಲೆ. ಎಂಬತ್ತರ ದಶಕದಾಗೂ ನಮ್ಮ ತಲಿಗೆ ಕತ್ತರಿ ಹಚ್ಚದ ಅಂಗಡಿಗಳು ಇದ್ದವು. ಯಾವುವು ಅಂತ ಇಲ್ಲಿ ಹೇಳೂದಿಲ್ಲ, ಅದರಾಗ ಒಂದು ಇನ್ನೂ ನಡದೈತಿ. ಕಾಕಾ ಹೊರಗ ನಿಂತು ಬಾಗಿಲಿನಿಂದ ಮುಖಪುಟ ನೋಡಿ ಬರತಿದ್ದ. ಒಳಗಿನ ಪುಟ ಬೇಕಂದ್ರ ರದ್ದಿ ಅಂಗಡಿಗೆ ಬರೂತನಾ ಕಾಯಬೇಕು. ಹಂಗಾಗಿ ನಮಗ ಸಿನಿಮಾ ಸುದ್ದಿ ಯಾವಾಗಲೂ ಆರು ತಿಂಗಳು ಹಳೇದು. ಮದುವಿ ಆದ ಹೀರೋಯಿನ್ನಿಗೆ ಮದುವಿ ಯಾವಾಗ ಅಂತ ನಾವು ಕೇಳತಿದ್ವಿ.

ಆದರೆ ಹದಿನೈದು ಪೈಸೆ ಕಾರ್ಡಿಗೆ ಮೈಲಿಗಿ ಇರಲಿಲ್ಲ. ಅಂಗಡಿ ಹೊಸ್ತಿಲು ದಾಟದ ಮನುಷ್ಯನ ಕೈಬರಹ ಮದ್ರಾಸು, ಮಣಿಪಾಲ ಮುಟ್ಟತಿತ್ತು, ಅಚ್ಚಾಗಿ ತಿರುಗಿ ಅದೇ ಅಂಗಡಿಯ ಬೆಂಚಿಗೇ ಬರತಿತ್ತು. ಅಲ್ಲಿ ಕುಂತವರು ಅವನ ಪ್ರಶ್ನೆ ಓದಿ ನಗತಿದ್ದರು, ಯಾರು ಬರದದ್ದು ಅಂತ ಗೊತ್ತಿಲ್ಲದ.

ಓದು ಬರದವರೂ ಇದರಾಗ ಪಾಲುದಾರರು. ಹಾಳಿಯ ಮೇಲಿನ ಪ್ರಶ್ನೆ ಕಾಕಾನದಲ್ಲ, ನಮ್ಮವ್ವನದು: 'ಪಂಢರಿಬಾಯಿ ಅವರು ನಿಜವಾಗಿಯೂ ಅಳುತ್ತಾರೆಯೇ?' ಅವ್ವ ಕೇಳಿದ್ದು 'ಆಕಿ ಖರೇನ ಅಳತಾಳೇನೋ' ಅಂತ. ಕಾಕಾ ಅದನ್ನು ಪುಸ್ತಕದ ಕನ್ನಡ ಮಾಡಿದ, ಹೆಸರು ತನ್ನದು ಹಾಕಿದ. ಈ ಲೆಕ್ಕ ಅವ್ವ ಇನ್ನೂ ಬಿಟ್ಟಿಲ್ಲ.

ಪಂಢರಿಬಾಯಿ ಅಂದಮೇಲೆ 'ಬೇಡರ ಕಣ್ಣಪ್ಪ' ನೆನಪಾಗತೈತಿ. 1954ರ ಆ ಸಿನಿಮಾ ಮುತ್ತುರಾಜ ಎಂಬ ನಾಟಕದ ಹುಡುಗನನ್ನು ರಾಜಕುಮಾರ್ ಮಾಡಿತು. ಕನ್ನಡದ ದೊಡ್ಡ ತಾರೆ ಹುಟ್ಟಿದ್ದು ಬೇಡನ ವೇಷದಲ್ಲಿ. ಆದರೆ ಕತೆಯಲ್ಲಿ ಆ ಬೇಡ ಮೂಲತಃ ದೇವಲೋಕದವ, ಭೂಮಿಗೆ ಬಂದು ಬೇಡರ ಕುಲದಾಗ ಹುಟ್ಟಿದವ. ಬರೇ ಬೇಡನಾಗಿದ್ರ ಸಾಲೂದಿಲ್ಲೇನು? ಯಾವ ಓದುಗನೂ ಈ ಪ್ರಶ್ನೆ ಬರದಂಗಿಲ್ಲ. ನಾವೂ ಬರೀಲಿಲ್ಲ.

ಅಭಿಮಾನ ಪುಟದಿಂದ ಬೀದಿಗೆ ಇಳಿದದ್ದು ಎಲ್ಲರೂ ಕಂಡದ್ದು. 1982ರಲ್ಲಿ ಗೋಕಾಕ್ ಚಳವಳಿಗೆ ರಾಜಕುಮಾರ್ ಬಂದಾಗ ಸಾಹಿತಿಗಳಿಗೆ ಸೇರದ ಜನ ಅವರಿಗೆ ಸೇರಿತು. ಅಭಿಮಾನಿಗಳನ್ನು ಅವರು ದೇವರು ಅಂದರು. ದೇವರು ಅನಿಸಿಕೊಂಡವರಲ್ಲಿ ಗುಡಿ ಒಳಗ ಹೋಗಲಾರದವರೂ ಇದ್ದರು. ಆ ಮಾತು ಅವರಿಗೆ ಹೆಂಗ ಕೇಳಿಸಿರಬಹುದು ಅಂತ ನನಗ ಗೊತ್ತು. ಅದರ ಜೊತೆಗೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆಯೂ ಗೊತ್ತು: ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ. ಕಟೌಟಿಗೆ ಹಾಲು ಸುರಿಯೂ ನಮ್ಮ ಕೇರಿ ಹುಡುಗರಿಗೆ ನಾನು ಈ ಮಾತು ಹೇಳತೀನಿ. ಕೇಳೂದಿಲ್ಲ. ಬಾಬಾಸಾಹೇಬರ ಫೋಟೊಕ್ಕೂ ನೀವು ಹಾಲು ಸುರೀತೀರಲ್ಲ ಅಣ್ಣಾ ಅಂತ ಒಬ್ಬ ಕೇಳಿದ. ಅವನಿಗೆ ಉತ್ತರ ಕೊಡೂದು ಇನ್ನೂ ಬಾಕಿ ಐತಿ.

ಈಗ ಆ ಅರ್ಜಿಯ ಕರಡು. ಕೇರಿಗೆ ಸ್ಮಶಾನದ ಜಾಗ ಕೇಳಿ ಬರದದ್ದು. ಅದೇ ಕೈ, 'ಮಾನ್ಯರೇ' ಅನ್ನೂ ಅದೇ ಶುರು, ಅವ್ವನ ಮಾತನ್ನು ಪುಸ್ತಕದ ಕನ್ನಡ ಮಾಡಿದ ಅದೇ ಚಾಳಿ. ಮೆಟ್ರಿಕ್ ಫೇಲಾದ ಕಾಕಾ ಗುರುತಿಲ್ಲದ ದೊಡ್ಡವರಿಗೆ ಬರಿಯೂದನ್ನ ಎಲ್ಲಿ ಕಲಿತ ಅಂತ ನನಗ ಬಾಳ ದಿನದ ಕುತೂಹಲ ಇತ್ತು. ಅರ್ಜಿಯಲ್ಲಿ ಮಾತ್ರ ವಿಳಾಸ ಪೂರಾ ಐತಿ: ಹರಿಜನ ಕೇರಿ, ನೇಸರಗಿ, ತಾ. ಬೈಲಹೊಂಗಲ.

ಎರಡೂ ಹಾಳಿ ಅವ್ವನ ಮುಂದ ಹಿಡಿದು, ಅದರಾಗ ಕೇರಿ ಯಾಕಿಲ್ಲ, ಇದರಾಗ ಯಾಕೈತಿ ಅಂತ ಕೇಳಿದೆ. 'ಸಿನಿಮಾದವ್ರಿಗೆ ಕೇರಿ ಯಾಕ ಬೇಕೋ? ಹೆಣ ಹೂಳಾಕ ಜಾಗಾ ಬೇಕಂದ್ರ ಹೇಳಬೇಕಲ್ಲ' ಅಂದಳು. ಆಮ್ಯಾಲೆ ಪಂಢರಿಬಾಯಿ ಪ್ರಶ್ನೆಗೆ ಅವರು ಏನ್ ಉತ್ತರ ಕೊಟ್ಟಾರ ಓದು ಅಂದಳು. ಉತ್ತರ ಇದ್ದ ಜಾಗದಾಗ ಹಾಳಿ ಮಡಚಿ ತೂತಾಗೇತಿ.

ನಿಮ್ಮ ಮನಿಯೊಳಗ ಇಂಥ ಹಳೇ ಓದುಗರ ಪುಟ ಇದ್ರ ಕಾಮೆಂಟಿನಾಗ ಫೋಟೊ ಹಾಕ್ರಿ. ವಿಳಾಸದ ಸಾಲು ಕಾಣೂ ಹಂಗ ಹಾಕಬ್ಯಾಡ್ರಿ.