ಸುಮನಹಳ್ಳಿ ಎಂಬ ಹೆಸರಿನ ಹಿಂದೆ

ಮಾಗಡಿ ರಸ್ತೆಯು ಹೊರವರ್ತುಲ ರಸ್ತೆಯನ್ನು ಕೂಡುವ ಎಡೆಗೆ ಸುಮನಹಳ್ಳಿ ಎಂದು ಹೆಸರು. ಲಗ್ಗೆರೆ, ಕೊಟ್ಟಿಗೆಪಾಳ್ಯಗಳಂತೆ ಇದೂ ಒಂದು ಹಳೆಯ ಗ್ರಾಮವಿರಬೇಕೆಂದು ಬಸವೇಶ್ವರನಗರ, ವಿಜಯನಗರಗಳ ಎಷ್ಟೋ ಮಂದಿ ಭಾವಿಸಿದ್ದಾರೆ. 2019ರಲ್ಲಿ ಅಲ್ಲಿಯ ಮೇಲುಸೇತುವೆಯಲ್ಲಿ ಗುಂಡಿ ಬಿದ್ದಾಗ ಈ ಹೆಸರು ಪತ್ರಿಕೆಗಳಲ್ಲೆಲ್ಲ ಮೆರೆಯಿತು! ಆದರೆ ಅದು ಒಂದು ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದ ಹೆಸರು. ಒಳ್ಳೆಯ ಮನಸ್ಸುಳ್ಳವರ ಹಳ್ಳಿ ಎಂಬ ಅರ್ಥದಲ್ಲಿ ಇಟ್ಟದ್ದು. ಕ್ರಮೇಣ ಬಸ್ ನಿಲ್ದಾಣಕ್ಕೂ ಸೇತುವೆಗೂ ಅಂಟಿಕೊಂಡಿತು.

ಈ ಕೇಂದ್ರ ಹುಟ್ಟಿದ ಕಾಲವನ್ನು ಗಮನಿಸಬೇಕು. ದೇವರಾಜ ಅರಸರ ಆಳ್ವಿಕೆಯಲ್ಲಿ, 1975ರಲ್ಲಿ, ಕರ್ನಾಟಕದಲ್ಲಿ ಭಿಕ್ಷಾಟನೆ ನಿಷೇಧದ ಕಾನೂನು ಬಂತು. (ನಾವು ಮನೆಗಂದಾಯದೊಡನೆ ತೆರುವ ಭಿಕ್ಷುಕರ ಉಪಕರ ಅದರ ಫಲವೇ.) ಭಿಕ್ಷೆ ಬೇಡಬಾರದೆಂದು ಹೇಳುವುದು ಸುಲಭ. ಆದರೆ ಯಾರೂ ಕೆಲಸ ಕೊಡದ ಕುಷ್ಠರೋಗಿ ಉಣ್ಣುವುದೇನನ್ನು? ಆ ದಶಕದ ಉತ್ತರಾರ್ಧದಲ್ಲಿ ಸರ್ಕಾರದ ಆಹ್ವಾನದ ಮೇರೆಗೆ ಬೆಂಗಳೂರಿನ ಆರ್ಚ್‌ಬಿಷಪ್ ಆರೋಗ್ಯಸ್ವಾಮಿಯವರು ಈ ಹೊಣೆಯನ್ನು ಒಪ್ಪಿಕೊಂಡರು. ಮಾಗಡಿ ರಸ್ತೆಯ ಸರ್ಕಾರಿ ಜಮೀನು ಗುತ್ತಿಗೆಗೆ ದೊರೆಯಿತು. ಮುಂದೆ ಕ್ಲರೀಷಿಯನ್ ಸಭೆಯ ಪಾದ್ರಿಗಳು ಅದನ್ನು ನಡೆಸಿದರು.

ಕುಷ್ಠವನ್ನು ನಾವು ರೋಗವೆಂದಷ್ಟೇ ತಿಳಿಯುತ್ತೇವೆ. ಕಾನೂನು ಅದರಲ್ಲಿ ಬಡತನವನ್ನೂ ಕಂಡಿತ್ತು. ಬ್ರಿಟಿಷ್ ಇಂಡಿಯಾದ 1898ರ ಕಾಯಿದೆಯ ಪ್ರಕಾರ ವಾರಂಟಿಲ್ಲದೆ ಬಂಧಿಸಬಹುದಾಗಿದ್ದುದು ನಿರ್ಗತಿಕ ಕುಷ್ಠರೋಗಿಯನ್ನು. ಮನೆಮಠವುಳ್ಳ ಸಿರಿವಂತ ರೋಗಿಗೆ ಆ ಭಯವಿರಲಿಲ್ಲ. ಸಂಸತ್ತು ಈ ಕಾಯಿದೆಯನ್ನು ರದ್ದುಗೊಳಿಸಿದ್ದು 2016ರಲ್ಲಿ! ಇಷ್ಟು ತಡವಾದದ್ದು ನಮಗೆ ಶೋಭೆಯಲ್ಲವೆಂದೇ ನನ್ನ ಎಣಿಕೆ.

ಬೆರಳುಗಳು ರೋಗದಿಂದ ತಾವಾಗಿ ಉದುರುತ್ತವೆಂಬ ನಂಬಿಕೆ ಜನರಲ್ಲಿ ಬಹುಕಾಲ ಇತ್ತು. ಅದು ಹಾಗಲ್ಲವೆಂಬುದನ್ನು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟರು. ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡಾಗ ಸುಟ್ಟದ್ದು, ಚುಚ್ಚಿದ್ದು ತಿಳಿಯುವುದಿಲ್ಲ. ಗಾಯ ಕೊಳೆತು ಅಂಗ ನಷ್ಟವಾಗುತ್ತದೆ. ಆದ್ದರಿಂದ ಇಂಥವರಿಗೆ ಮೆತ್ತನೆಯ ರಬ್ಬರಿನ ಅಟ್ಟೆಯುಳ್ಳ ಪಾದರಕ್ಷೆ ಔಷಧದಷ್ಟೇ ಮುಖ್ಯ. ಸುಮನಹಳ್ಳಿಯಲ್ಲಿ ಚಿಕಿತ್ಸೆಯೊಂದಿಗೆ ಚರ್ಮದ ಕೆಲಸ, ಹೊಲಿಗೆ ಮೊದಲಾದ ಕಸುಬುಗಳನ್ನು ಕಲಿಸಿದುದರ ಮಹತ್ವ ಇಲ್ಲಿದೆ. ಮರಗಟ್ಟಿದ ಕೈಯಿಂದ ಸೂಜಿ ಹಿಡಿಯುವುದೆಂದರೆ ಕಣ್ಣಿನಿಂದಲೇ ಸ್ಪರ್ಶದ ಕೆಲಸವನ್ನೂ ಮಾಡಿಸುವುದು. ಅಂಥವರು ಹೊಲಿದ ಚರ್ಮದ ಚೀಲವನ್ನು ಕೊಳ್ಳುವವನು ದಾನ ಮಾಡುತ್ತಿಲ್ಲ, ಬೆಲೆ ಕೊಡುತ್ತಿದ್ದಾನೆ.

ಕ್ರೈಸ್ತ ಸಂಸ್ಥೆಗಳಿಗೆ ಈ ವಿಚಾರ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆಂದು ನೇಯ್ಗೆ ಆರಂಭಿಸಿ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿತು. ಆದರೆ ಅಲ್ಲಿ ಉದ್ಯೋಗವೂ ಸಭೆಯೂ ಒಂದರೊಳಗೊಂದು ಹೆಣೆದಿದ್ದವು. ಸುಮನಹಳ್ಳಿಯ ವಿಷಯ ಬೇರೆ. ಇಲ್ಲಿ ಸರ್ಕಾರದ ಕರೆಗೆ ಸಭೆ ಓಗೊಟ್ಟಿತು.

1982ರಿಂದ ಬಹುಔಷಧ ಚಿಕಿತ್ಸೆ ಬಂದು ಕುಷ್ಠ ವಾಸಿಯಾಗುವ ರೋಗವಾಯಿತು. 2005ರ ಕೊನೆಗೆ ದೇಶದಲ್ಲಿ ಅದರ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಕೇಂದ್ರವೂ ಎಚ್‌ಐವಿ ಸೋಂಕಿತರ ಆರೈಕೆಯತ್ತ ಕೈಚಾಚಿತು. ಅದೇ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಂಬಂಧಪಟ್ಟ ಸಚಿವರು ರಾಜೀನಾಮೆ ಕೊಡಬೇಕಾಯಿತು. ಅಲ್ಲಿದ್ದವರನ್ನೂ 1975ರ ಆ ಕಾನೂನಿನಡಿಯಲ್ಲಿಯೇ ತಂದಿರಿಸಲಾಗಿತ್ತು.