ಇರುಳಾಟದ ಬೆಳಕು, ಕ್ಯಾಮೆರಾದ ಕಣ್ಣು

ಮಂಗಳೂರಿನಿಂದ ತೆಂಕಣಕ್ಕೆ ಹೊರಟ ಹೆದ್ದಾರಿಯು ತಲಪಾಡಿಯನ್ನು ದಾಟಿ, ಮಂಜೇಶ್ವರ, ಉಪ್ಪಳಗಳನ್ನು ಹಿಂದಿಕ್ಕಿ, ಕುಂಬಳೆಯನ್ನು ಮುಟ್ಟುವುದಕ್ಕೆ ಮುನ್ನ ಹಾದುಹೋಗುವ ಪೇಟೆಯೇ ಬಂದ್ಯೋಡು. 1956ರ ನವೆಂಬರ್ 1ರಂದು ಕಾಸರಗೋಡು ಸೀಮೆಯು ಕೇರಳಕ್ಕೆ ಸೇರಿಹೋದರೂ, ಕನ್ನಡ, ತುಳು, ಮಲಯಾಳ, ಕೊಂಕಣಿಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಈ ನೆಲದಲ್ಲಿ ದೀಪಾವಳಿಯಿಂದ, ಆಟದ ಋತು ಮುಗಿಯುವ ಪತ್ತನಾಜೆಯವರೆಗಿನ ರಾತ್ರಿಗಳು ಇಂದಿಗೂ ಚೆಂಡೆಮದ್ದಳೆಗಳಿಗೆ ಮೀಸಲು. ತೆಂಕುತಿಟ್ಟಿನ ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕಟ್ಟಿಕೊಟ್ಟನೆಂದು ಪ್ರಸಿದ್ಧನಾದ ಪಾರ್ತಿಸುಬ್ಬನ ಕುಂಬಳೆ ಇಲ್ಲಿಗೆ ಕೆಲವೇ ಮೈಲಿಗಳ ದೂರ. ಇಂತಹ ಸೀಮೆಯ ಯಕ್ಷಗಾನದ ಆಟವನ್ನು ಚಲಿಸುವ ಚಿತ್ರದಲ್ಲಿ ಹಿಡಿದಿಡುವ ಉದ್ಯೋಗಕ್ಕೂ ಈಗ ಒಂದು ಇತಿಹಾಸವಿದೆ. ರಂಗಸ್ಥಳದ ಎದುರು ಟ್ರೈಪಾಡಿನ ಮೇಲೆ ನಿಂತ ಮಿರರ್‌ಲೆಸ್ ಕ್ಯಾಮೆರಾದ ಒಂದೊಂದು ಸೆಟ್ಟಿಂಗಿನ ಹಿಂದೆಯೂ ಹಲವು ತಲೆಮಾರುಗಳ ಪರಿಶ್ರಮವೂ ಒಡಂಬಡಿಕೆಯೂ ಅಡಗಿವೆಯಾದ್ದರಿಂದ, ಆ ಚರಿತ್ರೆಯನ್ನು ಬಲ್ಲವನಿಗೆ ಮಾತ್ರ ಅವು ಪೂರ್ಣವಾಗಿ ವಶವಾಗುತ್ತವೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಬೆಳಕಿನ ವಿಚಾರ. ಬಯಲಾಟವು ಹುಟ್ಟಿ ಬೆಳೆದದ್ದು ದೊಂದಿಯ ಬೆಳಕಿನಲ್ಲಿ. ಚುಟ್ಟಿಯಿಟ್ಟ ಮುಖದ ಬಿಳಿಯ ಬೊಟ್ಟುಗಳೂ, ಕಿರೀಟದ ಮಿನುಗೂ, ಕೆಂಪು ಕಪ್ಪುಗಳ ಉಡುಗೆಯೂ ಆ ಚಂಚಲವಾದ ಹೊಂಬೆಳಕಿಗೆ ಹೊಂದುವಂತೆಯೇ ರೂಪುಗೊಂಡವು. ಬಳಿಕ ಗ್ಯಾಸ್‌ಲೈಟ್ ಬಂದಿತು, ವಿದ್ಯುದ್ದೀಪ ಬಂದಿತು, ಇದೀಗ ಬಣ್ಣಬಣ್ಣದ ಎಲ್‌ಇಡಿಗಳು ಬಂದಿವೆ. ಆಟವನ್ನು ಚಿತ್ರಿಸುವವನು ಈ ಎಲ್ಲ ಕಾಲಗಳ ಬೆಳಕನ್ನೂ ಒಂದೇ ರಾತ್ರಿಯಲ್ಲಿ ಎದುರಿಸಬೇಕಾಗುತ್ತದೆ.

ಈ ಸೀಮೆಯ ಮನೆಮನೆಗೆ ವಿಡಿಯೋವನ್ನು ತಂದದ್ದು ಸಿನೆಮಾದವರಲ್ಲ, ಸಮುದ್ರದಾಚೆಯ ದುಡಿಮೆ. 1976ರಲ್ಲಿ ಜಪಾನಿನ ಜೆವಿಸಿ ಸಂಸ್ಥೆಯು ವಿಎಚ್‌ಎಸ್ ಕ್ಯಾಸೆಟ್ಟನ್ನು ಹೊರತಂದಿತು. ಕೊಲ್ಲಿಯ ನಾಡುಗಳಲ್ಲಿ ದುಡಿಯುತ್ತಿದ್ದವರು ಊರಿಗೆ ಮರಳುವಾಗ ವಿಸಿಆರ್‌ಗಳನ್ನೂ ಕ್ಯಾಮೆರಾಗಳನ್ನೂ ಹೊತ್ತು ತಂದರು. ರಜೆ ಸಿಗದೆ ಅಲ್ಲಿಯೇ ಉಳಿದವರು ತಂಗಿಯ ಮದುವೆಯನ್ನು ಕ್ಯಾಸೆಟ್ಟಿನಲ್ಲಿ ಕಂಡು ಕಣ್ಣು ಒರಸಿಕೊಂಡರು. ಹೆಗಲಮೇಲೆ ಕ್ಯಾಮೆರಾ ಹೊತ್ತ ವಿಡಿಯೋದವರು, ಅವರ ಬೆನ್ನಿಗೆ ಹ್ಯಾಲೊಜನ್ ದೀಪವನ್ನು ಎತ್ತಿ ಹಿಡಿದ ಹುಡುಗ, ಅವನ ಹಿಂದೆ ಉದ್ದಕ್ಕೂ ಎಳೆದ ವಯರು, ಇವು ಆ ಕಾಲದ ಮದುವೆ ಚಪ್ಪರದ ನಿತ್ಯದೃಶ್ಯ. ಅದೇ ಕ್ಯಾಮೆರಾ ರಾತ್ರಿ ಆಟದ ಗದ್ದೆಗೂ ಹೋಯಿತು. ಆದರೆ ಆ ಯಂತ್ರಕ್ಕೆ ಕತ್ತಲೆಯಲ್ಲಿ ಕಾಣುವ ಶಕ್ತಿ ಸ್ವಲ್ಪ. ಪ್ರಖರವಾದ ದೀಪ ಬೆಳಗಿದರೆ ದೊಂದಿಯ ಕಾಂತಿ ಸತ್ತುಹೋಗುವುದು, ಬೆಳಗದಿದ್ದರೆ ವೇಷವೇ ಕಾಣದು.

ಈ ಇಕ್ಕಟ್ಟನ್ನು ಬಿಡಿಸಿದ್ದು 2008ರ ಅನಂತರದ ಬೆಳವಣಿಗೆ. ಆ ವರ್ಷ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರದ ಕ್ಯಾಮೆರಾಗಳು ವಿಡಿಯೋವನ್ನೂ ಹಿಡಿಯಲಾರಂಭಿಸಿದವು. ಅವುಗಳೊಳಗೆ ಬೆಳಕನ್ನು ವ್ಯೂಫೈಂಡರಿನತ್ತ ತಿರುಗಿಸುವ ಕನ್ನಡಿಯೊಂದುಂಟು. ವಿಡಿಯೋ ತೆಗೆಯುವಾಗ ಅದು ಮೇಲಕ್ಕೆದ್ದು ನಿಲ್ಲಬೇಕಾದ್ದರಿಂದ ವ್ಯೂಫೈಂಡರು ಕುರುಡಾಗುತ್ತಿತ್ತು. ಅದೇ ವರ್ಷ ಪ್ಯಾನಸಾನಿಕ್ ಸಂಸ್ಥೆಯು ಕನ್ನಡಿಯನ್ನೇ ತೆಗೆದುಹಾಕಿ ಲ್ಯುಮಿಕ್ಸ್ ಜಿ1 ಎಂಬ ಮಿರರ್‌ಲೆಸ್ ಕ್ಯಾಮೆರಾವನ್ನು ನಿರ್ಮಿಸಿತು. 2009ರಲ್ಲಿ ಅದರ ಸೋದರ ಜಿಎಚ್1 ವಿಡಿಯೋ ಸಹಿತವಾಗಿ ಬಂದಿತು. ಕಡೆಗೆ 2014ರಲ್ಲಿ ಸೋನಿ ಎ7ಎಸ್ ಬಂದಾಗ, ದೊಡ್ಡ ಸೆನ್ಸರಿನ ಮೇಲೆ ಕೇವಲ 12 ಮೆಗಾಪಿಕ್ಸೆಲ್‌ಗಳನ್ನಿರಿಸಿ ಒಂದೊಂದಕ್ಕೂ ಹೆಚ್ಚು ಬೆಳಕು ದಕ್ಕುವಂತೆ ಮಾಡಿದ ಕಾರಣ, ದೀಪದ ಹುಡುಗನಿಲ್ಲದೆಯೇ ಇರುಳನ್ನು ಇರುಳಾಗಿ ಚಿತ್ರಿಸುವುದು ಸಾಧ್ಯವಾಯಿತು.

ಇನ್ನು ಸೆಟ್ಟಿಂಗುಗಳು. ಮೂಕಚಿತ್ರಗಳ ಕಾಲದಲ್ಲಿ ಕೈಯಿಂದ ತಿರುಗಿಸುತ್ತಿದ್ದ ಯಂತ್ರಗಳಿಗೆ ನಿಯತವಾದ ವೇಗವಿರಲಿಲ್ಲ. 1920ರ ದಶಕದ ಕೊನೆಗೆ ಚಿತ್ರಕ್ಕೆ ಧ್ವನಿ ಸೇರಿದಾಗ, ಸ್ವರವು ಏರಿಳಿಯದಿರಲೆಂದು ಸೆಕೆಂಡಿಗೆ 24 ಫ್ರೇಮುಗಳೆಂಬ ಗತಿ ನೆಲೆಗೊಂಡಿತು. ಟೆಲಿವಿಷನ್ ಬಂದಾಗ ಯೂರೋಪು ತನ್ನ 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವ 25 ಫ್ರೇಮುಗಳನ್ನು ಆಯ್ದುಕೊಂಡಿತು. ಅದೇ ವಿದ್ಯುತ್ತನ್ನೂ ಅದೇ ಪದ್ಧತಿಯನ್ನೂ ಭಾರತವು ಅನುಸರಿಸಿತು. ಹಳೆಯ ಸಿನೆಮಾ ಕ್ಯಾಮೆರಾದ ಶಟರು ಅರ್ಧ ಕತ್ತರಿಸಿದ ತಿರುಗುವ ತಟ್ಟೆಯಾಗಿದ್ದುದರಿಂದ, ಪ್ರತಿ ಫ್ರೇಮಿನ ಅವಧಿಯ ಅರ್ಧದಷ್ಟು ಕಾಲ ಮಾತ್ರ ಬೆಳಕು ಒಳಹೊಗುತ್ತಿತ್ತು. 25 ಫ್ರೇಮಿಗೆ 1/50 ಸೆಕೆಂಡಿನ ಶಟರ್ ಎಂದು ಇಂದು ಹೇಳುವ ಸೂತ್ರವು ಆ ತಟ್ಟೆಯ ಸಂತಾನವೇ ಆಗಿದೆ. ಅದು ಬಂದ್ಯೋಡಿನ ರಂಗಸ್ಥಳಕ್ಕೆ ಎರಡು ಬಗೆಯಲ್ಲಿ ಸಲ್ಲುತ್ತದೆ: ನಮ್ಮ ಸಾಮಾನ್ಯ ವಿದ್ಯುದ್ದೀಪವು ಸೆಕೆಂಡಿಗೆ 100 ಬಾರಿ ಮಿಡಿಯುವುದರಿಂದ 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತಗಳು ದಕ್ಕಿ, ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುವುದಿಲ್ಲ, ತರುಣ ವೀರನ ಪುಂಡುವೇಷವು ದಿಗಿಣ ಹಾರಿ ಸುತ್ತುವಾಗ ಕಣ್ಣಿಗೆ ತೋರುವಷ್ಟೇ ಮಸುಕು ಚಿತ್ರದಲ್ಲಿಯೂ ಉಳಿದು, ಕುಣಿತದ ಲಯವು ತುಂಡಾಗುವುದಿಲ್ಲ.

ಶಟರು ಹೀಗೆ ಸ್ಥಿರವಾದ ಮೇಲೆ ಬೆಳಕಿನ ಹೊಣೆಯೆಲ್ಲ ಮಸೂರದ ರಂಧ್ರವಾದ ಅಪರ್ಚರ್ ಮತ್ತು ಐಎಸ್‌ಒಗಳ ಪಾಲಿಗೆ. ಅಮೆರಿಕದ ಎಎಸ್‌ಎ, ಜರ್ಮನಿಯ ಡಿನ್ ಎಂಬ ಫಿಲ್ಮಿನ ಮಾನಗಳು 1974ರಲ್ಲಿ ಐಎಸ್‌ಒದಲ್ಲಿ ಒಂದಾದವು. ಫಿಲ್ಮಿನ ರಸಾಯನಕ್ಕೆ ಸಂಬಂಧಿಸಿದ ಆ ಸಂಖ್ಯೆ ಇಂದು ಸೆನ್ಸರಿನ ಸಂಜ್ಞೆಯನ್ನು ವರ್ಧಿಸುವ ಪ್ರಮಾಣವನ್ನು ಸೂಚಿಸುತ್ತದೆ, ಮಿತಿಮೀರಿ ಏರಿಸಿದರೆ ಕತ್ತಲೆಯ ಭಾಗವು ಕಾಳುಕಾಳಾಗುತ್ತದೆ. ರಾಕ್ಷಸ ಪಾತ್ರದ ಬಣ್ಣದ ವೇಷದ ಪ್ರವೇಶವನ್ನು ನೆನೆಯಿರಿ. ಸಭೆಯ ಹಿಂದಿನಿಂದ ದೊಂದಿಗಳ ನಡುವೆ ಆರ್ಭಟಿಸುತ್ತ ವೇಷ ಬರುತ್ತಿರುತ್ತದೆ. ಯಾರೋ ದೊಂದಿಗೆ ರಾಳದ ಪುಡಿ ಎರಚುತ್ತಾರೆ. ಉರಿಯು ಭಗ್ಗೆಂದು ಆಳೆತ್ತರಕ್ಕೆ ಏಳುತ್ತದೆ. ಎಲ್ಲವನ್ನೂ ಆಟೋಗೆ ಬಿಟ್ಟ ಕ್ಯಾಮೆರಾ ಉರಿಯನ್ನು ಕಂಡು ಬೆದರಿ ಚಿತ್ರವನ್ನೆಲ್ಲ ಕಪ್ಪಾಗಿಸುತ್ತದೆ, ಉರಿ ಇಳಿದೊಡನೆ ಪುನಃ ಬೆಳಗಿಸಲು ತಡಕಾಡುತ್ತದೆ. ವೇಷದ ಮುಖವು ಮಾತ್ರ ಆ ತಡಕಾಟದಲ್ಲಿ ಕಳೆದುಹೋಗುತ್ತದೆ. ಐಎಸ್‌ಒವನ್ನು ಮುಖಕ್ಕೆ ತಕ್ಕಂತೆ ಮುಂಚಿತವಾಗಿ ನಿಲ್ಲಿಸಿ, ಉರಿಯು ಬೆಳ್ಳಗಾದರೆ ಆಗಲೆಂದು ಬಿಟ್ಟವನ ಚಿತ್ರದಲ್ಲಿ ಆ ರೌದ್ರವು ಉಳಿಯುತ್ತದೆ. ಬಿಳಿ ಯಾವುದೆಂದು ಕ್ಯಾಮೆರಾಗೆ ತಿಳಿಸುವ ವೈಟ್ ಬ್ಯಾಲೆನ್ಸಿನ ಮಾತೂ ಅದೇ: ಉರಿಯ ಬೆಳಕು ಸುಮಾರು 2000 ಕೆಲ್ವಿನ್, ಹಗಲಿನದು ಸುಮಾರು 5600, ಉರಿಯನ್ನು ಬಿಳಿಯಾಗಿಸಹೊರಟರೆ ಕೆಂಪು ಉಡುಗೆಯ ಕಾವೇ ಆರಿಹೋಗುತ್ತದೆ.

ಯಂತ್ರದ ಇತಿಹಾಸದಲ್ಲಿ ಸುಂಕದ ಕಟ್ಟೆಗೂ ಪಾಲುಂಟು. ಒಂದೇ ಸಲಕ್ಕೆ 30 ನಿಮಿಷ ಚಿತ್ರಿಸಬಲ್ಲ ಉಪಕರಣವನ್ನು ಯೂರೋಪಿನ ಒಕ್ಕೂಟವು ವಿಡಿಯೋ ಕ್ಯಾಮೆರಾವೆಂದು ಎಣಿಸಿ ಹೆಚ್ಚಿನ ಸುಂಕ ವಿಧಿಸುತ್ತಿದ್ದುದರಿಂದ, ಬಹುಕಾಲ ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತಿದ್ದವು. ಎಲ್ಲಿಯೋ ಕುಳಿತವರ ಆ ನಿಯಮದ ದೆಸೆಯಿಂದ, ಇರುಳಿಡೀ ನಡೆಯುವ ಆಟದಲ್ಲಿ ಭಾಗವತರ ಪದ್ಯವು ನಡುವೆಯೇ ಕಡಿದುಹೋದ ಪ್ರಸಂಗಗಳುಂಟು. ಎರಡು ಕ್ಯಾಮೆರಾಗಳನ್ನು ಅಂತರವಿಟ್ಟು ಆರಂಭಿಸುವುದು, ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ, ಚೆಂಡೆಯ ಪೆಟ್ಟಿಗೂ ಒಡೆಯದ ಮಟ್ಟದಲ್ಲಿ, ಎಡೆಬಿಡದೆ ಹಿಡಿಯುವುದು, ಇವೇ ಅದಕ್ಕೆ ಪರಿಹಾರಗಳು.

ದಾಖಲೆಯ ಮಹತ್ತ್ವಕ್ಕೆ ತುಳುನಾಡಿನಲ್ಲಿಯೇ ನಿದರ್ಶನವಿದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೊಡಗೂಡಿ, ಗಾಯಕ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಧ್ವನಿಯಲ್ಲಿಯೂ ವಿಡಿಯೋದಲ್ಲಿಯೂ ಗ್ರಹಿಸಿದರು; 15,683 ಸಾಲುಗಳ ಆ ಮೌಖಿಕ ಮಹಾಕಾವ್ಯವು 1998ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಅಂದು ವಿದ್ವತ್ಸಮೂಹವೊಂದಕ್ಕೆ ಎಟುಕಿದ ಸಾಧನವು ಇಂದು ಬಂದ್ಯೋಡಿನ ತರುಣನ ಕೈಚೀಲದಲ್ಲಿದೆ. ಸಾಧನದೊಡನೆ ಆ ವಿದ್ವಾಂಸರ ಶಿಸ್ತೂ ಅವನಿಗೆ ಬರಬೇಕು: ಆಯ್ದ ತುಣುಕನ್ನು ಮಾತ್ರ ಇಟ್ಟುಕೊಳ್ಳದೆ ಮೂಲವನ್ನು ಸಮಗ್ರವಾಗಿ ಕಾಪಾಡಬೇಕು, ಪ್ರಸಂಗ, ಸ್ಥಳ, ದಿನಾಂಕ, ಹಿಮ್ಮೇಳ ಮುಮ್ಮೇಳದವರ ಹೆಸರುಗಳನ್ನು ಅದರೊಡನೆ ಬರೆದಿಡಬೇಕು. ಹೀಗೆ ಕಾಪಾಡಬೇಕಾದದ್ದರಲ್ಲಿ ಭಾಷೆಯೂ ಸೇರಿದೆ: ಗಡಿಯ ಈಚೆಗೆ ಉಳಿದ ಕನ್ನಡವು ಶಾಲೆ ಕಚೇರಿಗಳಲ್ಲಿ ತನ್ನ ಎಡೆಗಾಗಿ ಹೋರಾಡುತ್ತಲೇ ಬಂದಿದೆ. ರಂಗಸ್ಥಳದಲ್ಲಿಯಾದರೋ ಅದು ಯಾರನ್ನೂ ಬೇಡದೆ, ಅರ್ಥಧಾರಿಗಳ ನಾಲಗೆಯಲ್ಲಿ ರಾತ್ರಿಯೆಲ್ಲ ಒಡೆತನದಿಂದ ಮೆರೆಯುತ್ತದೆ. ಆ ಮಾತನ್ನೂ ಆ ಬೆಳಕನ್ನೂ ಅವುಗಳಿಗೆ ಸಲ್ಲುವ ಪ್ರಮಾಣದಲ್ಲಿ ಹಿಡಿಯುವಷ್ಟು ತನ್ನ ಕ್ಯಾಮೆರಾವನ್ನು ಅರಿತವನು ಈ ಸೀಮೆಯ ಚರಿತ್ರಕಾರರ ಸಾಲಿಗೆ ನ್ಯಾಯವಾಗಿ ಸೇರುತ್ತಾನೆ.